ಒಂದು ಪದದ ಪಾಟೀಸವಾಲು

ಬಾಲರಾಜ ಅರಸು ರಸ್ತೆಯ ನ್ಯಾಯಾಲಯದಲ್ಲಿ
ಹನ್ನೊಂದು ವರ್ಷದಿಂದ ನಾನು ಬೆರಳಚ್ಚುಗಾರ್ತಿ.
ಜನ ಹೇಳುತ್ತಾರೆ, ಸಾಹೇಬರು ತಿದ್ದಿ ಉಕ್ತಲೇಖನ ಕೊಡುತ್ತಾರೆ,
ನಾನು ಕುಟ್ಟುತ್ತೇನೆ.
ನನ್ನ ಕೈಗೆ ಬರುವಷ್ಟರಲ್ಲಿ ಅಳು
‘ಸಾಕ್ಷಿಯು ಭಾವುಕರಾದರು’ ಎಂದಾಗಿರುತ್ತದೆ.

ಅವತ್ತು ರಿಪ್ಪನ್‌ಪೇಟೆ ಕಡೆಯ ಕನ್ನಮ್ಮ
ಕಟಕಟೆ ಹಿಡಿದು ಅಂದಳು:
“ಇವ್ರಿಗೆ ತೆವಲು, ಸ್ವಾಮಿ.”
ಏನು ತೆವಲು? ಕುಡಿತವೆ?
“ಬೀಡಿನೂ ಇಲ್ಲ.”
ಇಸ್ಪೀಟು? ಓಸಿ? ಬೇರೆ ಹೆಂಗಸು?
“ಹೆಂಗಸಾಗಿದ್ರೆ ಜುಟ್ಟು ಹಿಡಿದು ಕೇಳ್ತಿದ್ದೆ.
ಅಪ್ಪೆಮಿಡಿ, ಸ್ವಾಮಿ.”

ಕೋರ್ಟು ನಕ್ಕಿತು.
ಮೂಲೆಯಲ್ಲಿ ಟೀಕಪ್ಪ ನಗಲಿಲ್ಲ,
ತನ್ನ ಹೆಬ್ಬೆರಳು ಮೂಸಿಕೊಂಡ.

“ಶಿವರಾತ್ರಿ ಬಂತೂಂದ್ರೆ ಮನುಷ್ಯ ಮನೇಲಿಲ್ಲ.
ಯಾವ ಹಳ್ಳದ ಮರ ಜೀರಿಗೆ, ಯಾವುದು ಕರ್ಪೂರ,
ತೊಟ್ಟು ಮುರಿದು ಸೊನೆ ಮೂಸಿ
ಕಣ್ಣು ಮುಚ್ಚಿ ನಿಂತ್ರೆ ನಿಂತ್ರು.
ನನ್ನ ಬಳೆ ಒಂದು ಮರದ ಗುತ್ತಿಗೆಗೆ ಹೋಯ್ತು.
ತೊಂಬತ್ಮೂರು ಭರಣಿ! ಮಂಚದಡಿ, ದೇವರ ಗೂಡಲ್ಲಿ,
ಮಗಳ ಪುಸ್ತಕದ ಕಪಾಟಲ್ಲಿ.
ಮಾರೂದಿಲ್ಲ. ತಿಂದು ಮುಗಿಸೂದೂ ಇಲ್ಲ.
ರಾತ್ರಿ ಎದ್ದು ಮುಚ್ಚಳ ತೆಗೆಯೂದು, ಮೂಸೂದು, ಮುಚ್ಚೂದು.”

ಚಟ ಎಂದು ದಾಖಲಾಗಲಿ, ಅಂದರು ಅವಳ ವಕೀಲರು.
ಆಕ್ಷೇಪಣೆ, ಇದು ಹವ್ಯಾಸ, ಅಂದರು ಅವನ ವಕೀಲರು.
ಸಾಹೇಬರು ಕನ್ನಡಕ ತೆಗೆದು, ಗೀಳು ಅನ್ನೋಣವೆ?
ಕನ್ನಮ್ಮ ಮೂವರನ್ನೂ ನೋಡಿದಳು,
ಸಂತೆಯಲ್ಲಿ ಹುಳುಕು ಬದನೆ ತೂಗಿದವನನ್ನು ನೋಡುವ ಹಾಗೆ.
“ಚಟಕ್ಕೆ ಹೊತ್ತೂಂತ ಇರ್ತದೆ, ಸಂಜೆ ಆರಕ್ಕೆ ಕೈ ನಡುಗ್ತದೆ.
ಗೀಳು ತಲೇಲಿ. ಹವ್ಯಾಸ ದುಡ್ಡಿದ್ದೋರ್ದು.
ತೆವಲು ಅಂದ್ರೆ...”
ಗಂಟಲಿನ ಕೆಳಗೆ ಎಲ್ಲೋ ಬೆರಳಿಟ್ಟು ತೋರಿಸಿದಳು.
ಆ ಜಾಗದ ಉಕ್ತಲೇಖನ ನನಗೆ ಬರಲಿಲ್ಲ.

ಕೊನೆಗೆ ಅವಳ ಪದವೇ ನಿಂತಿತು. ಅವಸರಕ್ಕೆ
ಶಿಫ್ಟ್ ಕೀಲಿ ಬಿಡದೆ ಹೊಡೆದುಬಿಟ್ಟೆ:
‘ನನ್ನ ಗಂಡನಿಗೆ ಮಿಡಿಯ ತೆವಳು ಇರುತ್ತದೆ.’
ಲ ಹೋಗಿ ಳ.
ಪರದೆಯ ಮೇಲೆ ಅದು ಹೊಟ್ಟೆ ಎಳೆದುಕೊಂಡು
ಮಂಚದಡಿಗೆ ಹೊರಟೇಬಿಟ್ಟಿತ್ತು.

ನಮ್ಮಮ್ಮ ಅನ್ನುತ್ತಿದ್ದಳು, ಓದೋ ತೆವಲು ಇವಳಿಗೆ,
ಬೋಂಡ ಕಟ್ಟಿದ ಕಾಗದವನ್ನೂ ಬಿಡಲ್ಲ.
ಬೈಗುಳದಲ್ಲೇ ಬಾಳುವ ಪದ.
ನನಗೊಂದು ತೆವಲಿದೆ ಎಂದು ಯಾರೂ ಬೀಗುವುದಿಲ್ಲ,
ಯಾವಾಗಲೂ ಅದು ಪಕ್ಕದವರಿಗೆ.

ನಿಶಾನೆ ಪಿ-೩: ಗಾಜಿನ ಭರಣಿ ಒಂದು, ಮಿಡಿ ಹದಿನೇಳು.
ವಕೀಲರು ಮುಚ್ಚಳ ತಿರುವಿದರು.
ಮೊದಲು ಸಾಸಿವೆ. ಅದರ ಹಿಂದೆ ಉಪ್ಪು.
ಆಮೇಲೆ, ತಡವಾಗಿ, ಬಿಸಿಲೇ ಬೀಳದ ಒಂದು ದಂಡೆ.
ದಲಾಯತ ಉಗುಳು ನುಂಗಿದ್ದು ಎಲ್ಲರಿಗೂ ಕೇಳಿಸಿತು.
ಸಾಹೇಬರು ಗಡಿಯಾರ ನೋಡಿದರು,
ಊಟಕ್ಕೆ ಇನ್ನೂ ಒಂದು ಗಂಟೆ ಹತ್ತು ನಿಮಿಷ.

ಇದನ್ನು ನೀವೂ ತಿನ್ನುತ್ತೀರಾ?
ಕನ್ನಮ್ಮ ನೆಲ ನೋಡಿದಳು.
“ಗಂಜಿಗೆ,” ಅಂದಳು. “ಒಂದೊಂದ್ಸಲ.”
ಟೀಕಪ್ಪ ಎದ್ದೇಬಿಟ್ಟ:
“ಯಾವ ಮರದ್ದು ಅಂತ ಕೇಳಿ ಸ್ವಾಮಿ ಅವಳನ್ನ!”
ಕೂತ್ಕೊಳ್ರೀ, ಎಂದರು.
ಅವನು ಕೂತ. ಯಾರೂ ಕೇಳಲಿಲ್ಲ.
“ಬಟ್ಟೆಮಲ್ಲಪ್ಪದ ಆಚೆ ಹಳ್ಳದ್ದು,” ಅಂದಳು ಕನ್ನಮ್ಮ, ಅವನ ಕಡೆ ತಿರುಗದೆ,
“ಎರಡನೇ ಮರ. ಮೊದಲಿಂದಕ್ಕೆ ಇಷ್ಟು ಘಮ ಇಲ್ಲ.”

ಓದಿ ಹೇಳಲಾಯಿತು, ಸರಿ ಇದೆ.
ಳ ತಿದ್ದಿ ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದೆ.
ಮುಂದಿನ ವಾಯಿದೆ ಹದಿನಾಲ್ಕಕ್ಕೆ.

ಭರಣಿ ಒಳಗಿಡುವಾಗ ಗುಮಾಸ್ತರು ಎಣಿಸಿದರು, ಹದಿನಾರು.
ಮತ್ತೆ ಎಣಿಸಿದರು.
ಗುಮಾನಿಯೆಲ್ಲ ಪಾಪ ದಲಾಯತನ ಮೇಲೆ.
ನಾನು ತಲೆಯೆತ್ತದೆ ಕುಟ್ಟುತ್ತಿದ್ದೆ,
ಲ, ಳ ಎರಡಕ್ಕೂ ಇರುವ ಆ ಒಂದೇ ಕೀಲಿಯ ಮೇಲೆ
ಖಾರದ ಸಣ್ಣ ಕಲೆ.